ಊರ ಮಗ್ಗುಲಿನ ಖಾಲಿ ಜಾಗ

ರೈಲು ಹಳಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅನುಭವದ ಎರಡು ಮಾತು ಹೇಳಿ ಎಂದು ಹೋದ ವರ್ಷ ನನ್ನನ್ನು ಕರೆಸಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು. ನಾನು ಶಿಸ್ತು, ನಿಷ್ಠೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವುದು ಎಂದು ಬಾಯಿಗೆ ಬಂದ ಒಳ್ಳೆಯ ಮಾತುಗಳನ್ನೆಲ್ಲ ಹೇಳಿ, ಕಾಫಿ ಕುಡಿದು, ನಾನೀಗಿರುವ ಬಾಬುರಾಯನಕೊಪ್ಪಲಿನ ಬಸ್ಸು ಹತ್ತಿದೆ. ಸೀಟಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು. ಅವರಿಗೆ ಹೇಳಬೇಕಾದದ್ದು ಒಂದೇ ಒಂದಿತ್ತು. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೆ.

ಅದು ಬೋರೇಗೌಡನ ವಿಷಯ. ಶ್ರೀರಂಗಪಟ್ಟಣದ ಪೇಟೆಯ ನಡುವೆ ಎರಡನೇ ಹಳಿ ಬಂದ ಮೇಲೆ ನನ್ನ ಗ್ಯಾಂಗಿನಲ್ಲಿ ಸತ್ತವನು ಅವನು. ಅವನ ಸಾವಿನ ವರದಿಯಲ್ಲಿ ‘ಸ್ವಂತ ನಿರ್ಲಕ್ಷ್ಯದಿಂದ’ ಎಂದು ಬರೆದಿದೆ. ಆ ಮಾತಿಗೆ ಆಧಾರ ನನ್ನ ಹೇಳಿಕೆ, ಅದರ ಕೆಳಗಿರುವುದು ನನ್ನ ಸಹಿ. ಆ ಮಾತು ಸುಳ್ಳು. ಇಲ್ಲಿ ಬರೆದ ಮಾತ್ರಕ್ಕೆ ಅದು ಅಳಿಸಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೂ ಬರೆಯುತ್ತೇನೆ.

ನಾನು ಕ್ಯಾತನಹಳ್ಳಿಯ ಕಮ್ಮಾರರ ಮನೆಯವನು, ಸಿದ್ದಾಚಾರಿ. ಅಪ್ಪ ಕಬ್ಬು ಕಡಿಯುವ ಮಚ್ಚು, ಗುದ್ದಲಿ, ನೇಗಿಲ ಗುಳ ಬಡಿಯುತ್ತಿದ್ದ. ಅಂಗಡಿಯಲ್ಲಿ ಸಿದ್ಧ ಮಾಲು ಸಿಗುವಂತಾದ ಮೇಲೆ ಕುಲುಮೆಗೆ ಬರುವವರು ಕಡಿಮೆಯಾದರು. ನಾನು ಸುತ್ತಿಗೆ ಬಿಡಲಿಲ್ಲ, ಬಡಿಯುವ ಕಬ್ಬಿಣ ಬದಲಾಯಿಸಿದೆ ಅಷ್ಟೆ. ಪಾಂಡವಪುರದಿಂದ ಪಟ್ಟಣದ ಹೊಳೆ ಸೇತುವೆವರೆಗಿನ ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಸೇರಿದೆ. ಜಲ್ಲಿ ಎತ್ತುವುದು, ಹಳಿಯಡಿಯ ಸ್ಲೀಪರು ಬದಲಾಯಿಸುವುದು, ಹಳಿಯನ್ನು ಸ್ಲೀಪರಿಗೆ ಹಿಡಿಸುವ ಕೀಲಿ ಸಡಿಲವಾದರೆ ಬಿಗಿಯುವುದು ನಮ್ಮ ಕೆಲಸ.

ಆಗ ನಮ್ಮ ಮೇಟ್, ಅಂದರೆ ಗ್ಯಾಂಗಿನ ಮೇಸ್ತ್ರಿ, ಕೆ.ಆರ್.ಪೇಟೆ ಕಡೆಯ ಪುಟ್ಟಸ್ವಾಮಿ. ಓದು ಬರಹ ಅಷ್ಟಕ್ಕಷ್ಟೆ. ಹಳಿಗೆ ಸುತ್ತಿಗೆಯಿಂದ ಒಂದು ಏಟು ಹಾಕಿ, ತಲೆ ಓರೆ ಮಾಡಿ ಕೇಳುತ್ತಿದ್ದ. “ಗಟ್ಟಿ ಇದ್ರೆ ಆಡ್ತದೆ, ಬಿರುಕಿದ್ರೆ ಕೆಮ್ತದೆ ಕಣ್ಲಾ” ಎನ್ನುತ್ತಿದ್ದ. ಕಮ್ಮಾರನ ಮಗನಾದ್ದರಿಂದ ನನಗೆ ಅದು ಬೇಗ ಹತ್ತಿತು. ಮುಂದೆ ಬಿರುಕು ಹುಡುಕುವ ಮಶೀನು ಬಂತು, ನನ್ನ ಕಿವಿಗೆ ಕೆಲಸ ತಪ್ಪಿತು. ಅದಕ್ಕೆ ಬೇಜಾರು ಮಾಡಿಕೊಂಡವನಲ್ಲ ನಾನು. ನನ್ನ ಕಿವಿಗೆ ಸಿಗದ ಬಿರುಕು ಮಶೀನಿಗೆ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಳೆಯದೆಲ್ಲ ಚಿನ್ನ ಎನ್ನುವ ಮುದುಕರ ಗುಂಪಿಗೆ ನನ್ನನ್ನು ಸೇರಿಸಬೇಡಿ.

ಪೇಟೆಯೊಳಗೆ ಹಳಿ ತಿರುಗುವ ಒಂದು ಜಾಗವಿದೆ. ಒಂದು ಮಗ್ಗುಲಿಗೆ ಹಳೇ ಕೋಟೆಯ ಗೋಡೆ. ಅದಕ್ಕೂ ಹಳಿಗೂ ನಡುವೆ ಆಳು ಓರೆಯಾಗಿ ನಿಂತರೆ ಸರಿಹೋಗುವಷ್ಟೇ ಸಂದು. ಇನ್ನೊಂದು ಮಗ್ಗುಲಿಗೆ ಊರು, ಮನೆಗಳ ಹಿತ್ತಿಲು, ಬಟ್ಟೆ ಒಣಹಾಕುವ ಹಗ್ಗ. ಹಿತ್ತಿಲಿಗೂ ಹಳಿಗೂ ನಡುವೆ ನಾಲ್ಕೈದು ಮಾರಿನಷ್ಟು ಬಯಲು. ಅಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ನಮ್ಮ ನೀರಿನ ಗಡಿಗೆ, ಕೊಂಬೆಗೆ ನಮ್ಮ ಬುತ್ತಿ ಗಂಟುಗಳು. ರೈಲು ಬಂದಾಗ ಇಡೀ ಗ್ಯಾಂಗು ಆ ಕಡೆಗೇ ಇಳಿಯಬೇಕು. ಮೇಟ್ ಕೂಗುತ್ತಿದ್ದ: “ಊರ್ ಮಗ್ಗುಲ್ಗೇ...” ಕೊನೆಯ ಅಕ್ಷರವನ್ನು ಉದ್ದ ಎಳೆಯುತ್ತಿದ್ದ. ಇಳಿದವರು ಮೇಟ್ ಕಡೆಗೆ ಮುಖ ಮಾಡಿ ನಿಲ್ಲಬೇಕು. ಅವನು ತಲೆ ಎಣಿಸುತ್ತಿದ್ದ.

ಸೇರಿದ ಹೊಸದರಲ್ಲಿ ನಾನು ಹಾರೆ ಹಿಡಿದುಕೊಂಡು ಗೋಡೆ ಕಡೆಗೆ ಹಾರಿಬಿಟ್ಟೆ. ರೈಲು ಹೋದ ಮೇಲೆ ಪುಟ್ಟಸ್ವಾಮಿ ಬಂದು ಕಪಾಳಕ್ಕೆ ಬಾರಿಸಿದ.

“ಎಲ್ರೂ ಒಂದ್ ಕಡೆ ಇದ್ರೆ ಎಣಿಸ್ಬೋದು ಕಣ್ಲಾ. ನೀನೊಬ್ನೇ ಅತ್ಲಾಗ್ ಓದ್ರೆ, ರೈಲ್ ಓದ್ಮೇಲೆ ನಾನೇನ್ ಎಣಿಸ್ಲಿ, ತುಂಡ್ಗೋಳ್ನಾ?”

ಅಷ್ಟಕ್ಕೇ ಬಿಡಲಿಲ್ಲ. ಮಧ್ಯಾಹ್ನ ರೈಲಿಲ್ಲದ ಹೊತ್ತಿನಲ್ಲಿ ಹೆಗಲ ಮೇಲೆ ಹಾರೆ ಹೊರಿಸಿ, ಹಳಿ ಮೇಲೆ ನಿಲ್ಲಿಸಿ, ಕೂಗು ಹಾಕಿ ಇಳಿಸಿದ. ಮತ್ತೆ ಹತ್ತಿಸಿದ, ಮತ್ತೆ ಇಳಿಸಿದ. ನನಗೆ ಅಳು ಬರುವವರೆಗೆ ಮಾಡಿಸಿದ. “ಇದ್ನ ತಲೇಗ್ ಏಳ್ಕೊಟ್ರೆ ಉಪ್ಯೋಗಿಲ್ಲ. ಕಾಲ್ಗೇಳ್ಕೊಡ್ಬೇಕು” ಎಂದ. ಒಂದು ವಾರವಾದ ಮೇಲೆ ಆ ಕೂಗು ಕಿವಿಗೆ ಬಿದ್ದರೆ ನಾನು ಯೋಚಿಸುವ ಮೊದಲೇ ಕಾಲು ಹೊಂಗೆ ಮರದ ಕಡೆ ಇಳಿದಿರುತ್ತಿತ್ತು.

ಬೋರೇಗೌಡ ಬಂದದ್ದು ನನಗಿಂತ ಮೂರು ವರ್ಷ ತಡವಾಗಿ, ನಾಗಮಂಗಲದ ಹೊಣಕೆರೆ ಕಡೆಯಿಂದ. ಮನೆಯಲ್ಲಿ ಹೊಲವಿತ್ತು, ಹಸುವಿತ್ತು, ಅಣ್ಣಂದಿರಿದ್ದರು. ಇವನಿಗೆ ರೈಲಿನ ಹುಚ್ಚು. ಪುಟ್ಟಸ್ವಾಮಿ ಆಗಲೇ ಮಂಡಿ ನೋವಿನಿಂದ ಕೂತುಬಿಟ್ಟಿದ್ದ. ಕಾಲಿಗೆ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅತ್ತುಕೊಂಡು ಕಲಿತದ್ದನ್ನು ಬೋರ ನಗುತ್ತಾ ಕಲಿತ. “ಇದೇನ್ಲಾ ಆಚಾರಿ, ಕೋಲಾಟ ಆಡಿಸ್ದಂಗ್ ಆಡಿಸ್ತೀಯಾ” ಎನ್ನುತ್ತಿದ್ದ. ನಾನು ಮೇಟ್ ಆದ ಮೇಲೂ ಬುತ್ತಿ ಬಿಚ್ಚುವಾಗ ನಾನು ಅವನಿಗೆ ‘ಲೇ ಆಚಾರಿ’. ಹಳಿ ಮೇಲೆ ಕಾಲಿಟ್ಟರೆ ಮಾತ್ರ ‘ಮೇಟ್ರೆ’. ಹಳಿ ಮೇಲೆ ನಾನು ಹೇಳಿದ್ದಕ್ಕೆ ಅವನು ಒಂದು ದಿನವೂ ಯಾಕೆ ಎಂದು ಕೇಳಿದವನಲ್ಲ. ಅವರೆಕಾಯಿ ಕಾಲದಲ್ಲಿ ನಮ್ಮೆಲ್ಲರ ಮನೆಗೂ ಒಂದೊಂದು ಚೀಲ ಹೊತ್ತು ತರುತ್ತಿದ್ದ.

ಮೇಲಿನವರ ವಿಷಯ ಹೇಳಬೇಕು. ಮೊದಲಿದ್ದ ಇನ್‌ಸ್ಪೆಕ್ಟರು ತಳ್ಳುವ ಟ್ರಾಲಿಯಲ್ಲಿ ಬರುತ್ತಿದ್ದರು. ಬಾಯಿ ತೆರೆದರೆ ಬೈಗುಳ. ಆದರೆ ಟ್ರಾಲಿ ನಿಲ್ಲಿಸಿ, ಹೊಂಗೆ ಮರದ ಕೆಳಗೆ ಕೂತು, ನಮ್ಮ ಗಡಿಗೆಯಲ್ಲೇ ನೀರು ಕುಡಿಯುತ್ತಿದ್ದರು. ಆಮೇಲಿನವರು ಜೀಪಿನಲ್ಲಿ ಗೇಟಿನವರೆಗೆ ಬಂದು ಅಲ್ಲಿಂದಲೇ ಹಳಿ ನೋಡಿದರು. ಇನ್ನೂ ಆಮೇಲಿನವರು ಫೋನಿನಲ್ಲಿ ಫೋಟೋ ಕಳಿಸಿ ಎಂದರು. ಯಾರೂ ಕೆಟ್ಟವರಲ್ಲ. ಬೈಯುತ್ತಿದ್ದ ಆ ಇನ್‌ಸ್ಪೆಕ್ಟರಿಗೆ ಮಾತ್ರ ನಾವು ಎಲ್ಲಿ ಇಳಿಯುತ್ತೇವೆ ಎಂಬುದು ಗೊತ್ತಿತ್ತು.

ರೈಲು ಹೆಚ್ಚಾಗಬೇಕು, ಒಂದು ಹಳಿ ಸಾಲದು ಎಂಬ ಮಾತು ಬಹಳ ದಿನದಿಂದ ಇತ್ತು. ಅದು ನಿಜವೂ ಹೌದು. ಎದುರು ರೈಲಿಗೆ ದಾರಿ ಬಿಡಲು ಪಾಂಡವಪುರದಲ್ಲಿ ನಿಂತ ಗಾಡಿ ನಿಂತೇ ಇರುತ್ತಿತ್ತು. ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರು ಬಾಗಿಲಲ್ಲಿ ಜೋತು ಬೀಳುತ್ತಿದ್ದರು. ಎರಡನೇ ಹಳಿ ಬೇಡ ಎಂದು ನಾನು ಯಾವತ್ತೂ ಅಂದವನಲ್ಲ.

ಸರ್ವೆಗೆ ಬಂದ ಎಂಜಿನಿಯರು ಚಿಕ್ಕ ವಯಸ್ಸಿನವರು, ಮೆತ್ತಗಿನ ಮಾತಿನವರು. ಗಡಿಗೆ ಸರಿಸಿ ಅದರ ಕಟ್ಟೆಯ ಮೇಲೆ ನಕ್ಷೆ ಹರಡಿದರು. ಕೋಟೆ ಗೋಡೆಗೆ ದಪ್ಪ ಗೆರೆ, ಅದನ್ನು ಮುಟ್ಟುವಂತಿಲ್ಲ. ಮನೆಗಳಿಗೆ ಓರೆ ಗೆರೆ, ಒಡೆದರೆ ಗಲಾಟೆ. ನಡುವೆ ನಮ್ಮ ನಾಲ್ಕೈದು ಮಾರು ಜಾಗಕ್ಕೆ ಒಂದು ಗೆರೆಯೂ ಇರಲಿಲ್ಲ, ‘ಖಾಲಿ ಜಾಗ’ ಎಂದು ಬರೆದಿತ್ತು.

“ಸಾ, ಇಲ್ಗೆ ಅಳಿ ಬಂದ್ರೆ ನಾವ್ ಎಲ್ಲಿಗ್ ಇಳಿಯೋದು?” ಎಂದೆ.

“ಇಳಿಯೋದು ಅಂದ್ರೆ?” ಎಂದು ಕೇಳಿದರು.

ವಿವರಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ಪುಸ್ತಕದಲ್ಲಿ ಬರೆದುಕೊಂಡರು. ಕೋಟೆ ಗೋಡೆಯ ಮುಂದೆ ನಮ್ಮದೇ ಒಂದು ತಡೆಗೋಡೆ ಕಟ್ಟಿ, ಅದರಲ್ಲಿ ಅಲ್ಲಲ್ಲಿ ಆಳು ನಿಲ್ಲುವಂಥ ಗೂಡು ಬಿಡೋಣ ಎಂದರು. ಹೇಳಿದಂತೆ ನಕ್ಷೆಗೂ ಸೇರಿಸಿದರು. ಆರು ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಗೂಡುಗಳು ಬಂದವು. ಅವುಗಳ ಹಿಂದೆಯೇ ಸಿಗ್ನಲ್ ಕೆಲಸದವರು ಬಂದು, ಕೇಬಲ್ ಡಬ್ಬಿ ಇಡಲು ಬೇರೆ ಜಾಗವಿಲ್ಲವೆಂದು ಅರ್ಧಕ್ಕರ್ಧ ಗೂಡುಗಳಲ್ಲಿ ಡಬ್ಬಿ ಕೂರಿಸಿ ಬೀಗ ಹಾಕಿದರು. ಅವರ ನಕ್ಷೆಯಲ್ಲಿ ಗೂಡುಗಳೂ ಖಾಲಿ ಜಾಗವೇ ಆಗಿದ್ದಿರಬೇಕು.

ಹೊಂಗೆ ಮರ ಕಡಿದರು. ಅದು ನಿಂತಿದ್ದ ಕಡೆಯೇ ಹೊಸ ಹಳಿ ಬಿತ್ತು. ಮೊದಲ ದಿನ ಊರವರು ಪೂಜೆ ಮಾಡಿ ಸಿಹಿ ಹಂಚಿದರು. ನಾನೂ ತಿಂದೆ.

ಹೊಸ ನಿಯಮ ಬಂತು. ರೈಲು ಬಂದರೆ ಇನ್ನು ಗೋಡೆ ಕಡೆಗೇ ಇಳಿಯಬೇಕು, ಊರ ಕಡೆಗೆ ಕಾಲಿಡಕೂಡದು. ಕಾಗದವನ್ನು ಗ್ಯಾಂಗಿಗೆ ಓದಿ ಹೇಳಿದೆ, ಎಲ್ಲರ ಸಹಿ ತೆಗೆದುಕೊಂಡೆ. ಒಂದು ದಿನ ಹಳಿ ಬಿಡುವು ಕೊಟ್ಟರೆ ಹಳಬರಿಗೆ ಇಳಿಯುವ ಅಭ್ಯಾಸ ಮಾಡಿಸುತ್ತೇನೆ ಎಂದು ಮೇಲಿನವರನ್ನು ಕೇಳಿದೆ. ಒಂದು ಗಂಟೆಯೂ ಬಿಡುವು ಕೊಡಲಾಗುವುದಿಲ್ಲ, ಅಷ್ಟು ರೈಲಿದೆ ಎಂದರು. ಇದನ್ನು ಹೇಳಿ ನಾನು ತಪ್ಪಿಸಿಕೊಳ್ಳಬಹುದು. ಆದರೆ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಎರಡು ಸಾಲು ಜಲ್ಲಿ ಸುರಿದು ಅದರ ಮೇಲೆ ಮಾಡಿಸಬಹುದಿತ್ತಲ್ಲ. ಪುಟ್ಟಸ್ವಾಮಿಯಾಗಿದ್ದರೆ ಮಾಡಿಸುತ್ತಿದ್ದ. ನಾನು ಸಹಿ ತೆಗೆದುಕೊಂಡು ಸುಮ್ಮನಾದೆ.

ಕಾಲಿಗೆ ಸಹಿ ಗೊತ್ತಾಗುವುದಿಲ್ಲ. ಹೊಸ ಹಳಿ ಬಂದ ಮೇಲೆ ನಾನೇ ಎರಡು ಸಲ ಊರ ಕಡೆಗೆ ಕಾಲಿಟ್ಟೆ. ಎರಡು ಸಲವೂ ಬೋರ ನನ್ನ ಕಾಲರು ಹಿಡಿದು ಎಳೆದ. “ಏನ್ ಮೇಟ್ರೆ, ರೂಲ್ಸ್ ಓದ್ದೋರೇ ಇಂಗ್ ಮಾಡುದ್ರೆ ಎಂಗೆ” ಎಂದು ನಕ್ಕ. ಇದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಆ ದಿನ ಬೆಳಗ್ಗೆ ಹತ್ತು ಗಂಟೆಯ ಸುಮಾರು. ತಿರುವಿನಲ್ಲಿ ಗೋಡೆ ಮಗ್ಗುಲಿನ ಹಳೇ ಹಳಿಯ ಕೆಲಸ. ನಾನು, ಬೋರ, ಇನ್ನಿಬ್ಬರು ಹೊಸಬರು. ಆ ಇಬ್ಬರೂ ಎರಡನೇ ಹಳಿ ಬಂದ ಮೇಲೆಯೇ ಸೇರಿದವರು. ರೈಲು ಕಂಡರೆ ಸೀಟಿ ಊದಲು ಮೈಸೂರು ಕಡೆಗೆ ಒಬ್ಬ ಕಾವಲಿನವನನ್ನು ನಿಲ್ಲಿಸಿದ್ದೆ. ಪಾಂಡವಪುರ ಕಡೆಗೆ ನಿಲ್ಲಬೇಕಾದವನು ರಜೆಯಲ್ಲಿದ್ದ. ಬದಲಿ ಕೊಡಿ ಎಂದು ಕೇಳಿದ್ದೆ, ಕೊಟ್ಟಿರಲಿಲ್ಲ. ಕೆಲಸ ನಿಲ್ಲಿಸುತ್ತೇನೆ ಎನ್ನಬಹುದಿತ್ತು, ಅನ್ನಲಿಲ್ಲ. ಹಿತ್ತಿಲಿನಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು, ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು.

ಮೈಸೂರು ಕಡೆಯ ಕಾವಲಿನವನು ಸೀಟಿ ಊದಿದ. ತಿರುವಿನಲ್ಲಿ ರೈಲಿನ ಮುಖ ಕಂಡಿತು, ನಾವು ಕೆಲಸ ಮಾಡುತ್ತಿದ್ದ ಹಳಿಯ ಮೇಲೆಯೇ. ನಾನು ಬಾಯಿ ತೆರೆದೆ.

“ಊರ್ ಮಗ್ಗುಲ್ಗೇ...”

ನನ್ನದೇ ಬಾಯಿ, ನನ್ನದೇ ದನಿ. ಮೂವತ್ತು ವರ್ಷ ಕೂಗಿದ ಕೂಗು, ನನ್ನನ್ನು ಕೇಳದೆ ಬಂತು.

ಹೊಸಬರಿಬ್ಬರಿಗೆ ಆ ಕೂಗಿನ ಪರಿಚಯವೇ ಇರಲಿಲ್ಲ. ಅವರ ಕಾಲಿಗೆ ಗೊತ್ತಿದ್ದದ್ದು ಗೋಡೆ ಒಂದೇ, ಹೋಗಿ ಅಂಟಿಕೊಂಡರು. ಕೂಗಿದ ನಾನು ಮೊದಲೇ ಒಂದು ಗೂಡಿನ ಬಾಯಲ್ಲಿ ನಿಂತಿದ್ದೆ, ಅಲುಗಲಿಲ್ಲ. ಬೋರ ಮಾತ್ರ ಹಾರೆಯನ್ನು ಹೆಗಲಿಗೆ ಹಾಕಿಕೊಂಡು ಊರ ಮಗ್ಗುಲಿಗೆ ಇಳಿದ. ಹೊಸ ಹಳಿಯ ನಟ್ಟನಡುವೆ ನಿಂತು, ಎಣಿಸಿಕೊಳ್ಳಲಿ ಎಂದು ನನ್ನ ಕಡೆಗೆ ಮುಖ ಮಾಡಿದ. ನಮ್ಮಿಬ್ಬರ ನಡುವೆ ರೈಲು ಬಂತು. ಅದರ ಸದ್ದಿನಲ್ಲಿ ಪಾಂಡವಪುರ ಕಡೆಯಿಂದ ಬಂದ ಇನ್ನೊಂದು ರೈಲಿನ ಸದ್ದು ನನಗೂ ಕೇಳಿಸಲಿಲ್ಲ, ಅವನಿಗೂ ಕೇಳಿಸಲಿಲ್ಲ. ಎರಡೂ ಹೋದ ಮೇಲೆ ನಾನು ಎಣಿಸಿದೆ.

ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯವರೇ. ನನಗೆ ನೀರು ಕುಡಿಸಿ, ಏನೆಂದು ಕೂಗಿದಿರಿ ಎಂದು ಕೇಳಿದರು. “ಗೋಡೆ ಕಡೆಗೆ ಅಂತ” ಎಂದೆ. ಹೊಸಬರು, “ಮೇಟ್ರು ಕೂಗುದ್ರು ಸಾ, ನಾವ್ ಗ್ವಾಡೆಗ್ ಅಂಟ್ಕಂಡೋ” ಎಂದರು. ನಿಯಮ ಓದಿ ಹೇಳಿದ್ದಕ್ಕೆ ಬೋರನ ಸಹಿ ಇತ್ತು. ಸತ್ತವನ ಸಹಿ, ಬದುಕಿರುವವನ ಹೇಳಿಕೆ ಎರಡೂ ಹೊಂದಿಕೊಂಡವು. “ನಿಮ್ಮ ತಪ್ಪೇನೂ ಇಲ್ಲ ಆಚಾರ್, ಧೈರ್ಯವಾಗಿರಿ” ಎಂದು ನನ್ನ ಬೆನ್ನು ತಟ್ಟಿದರು. ಆ ಕೈಯನ್ನು ಇವತ್ತಿಗೂ ನನ್ನ ಬೆನ್ನು ಮರೆತಿಲ್ಲ.

ಹೊಣಕೆರೆಯಲ್ಲಿ ಮಣ್ಣಾದ ಮೇಲೆ ಬೋರನ ಹೆಂಡತಿ ಜಯಮ್ಮ ಒಂದೇ ಒಂದು ಮಾತು ಕೇಳಿದಳು. “ಮೇಟ್ರೆ, ಅವ್ರು ಯಾಕ್ ಅತ್ಲಾಗ್ ಇಳುದ್ರು?” ಗೊತ್ತಿಲ್ಲ ಕಣಮ್ಮ ಎಂದೆ.

ಅಪ್ಪನ ಕೆಲಸ ಮಗಳು ಸವಿತಾಗೆ ಕೊಟ್ಟರು. ಅವಳು ನನ್ನ ಗ್ಯಾಂಗಿಗೇ ಬಂದಳು. ಬಂದ ಮೊದಲ ದಿನವೇ ಅವಳನ್ನು ಸ್ಟೇಷನ್ನಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ, ಜಲ್ಲಿ ಸಾಲು ಹಾಕಿಸಿ, ಗೋಡೆ ಕಡೆಗೆ ಇಳಿಯುವುದನ್ನು ಕಾಲಿಗೆ ಕಲಿಸಿದೆ. ಅಪ್ಪನಿಗೆ ಮಾಡಿಸದೆ ಹೋದದ್ದನ್ನು ಮಗಳಿಗೆ ನೂರು ಸಲ ಮಾಡಿಸಿದೆ. ಅವಳು ಬೆವರು ಒರೆಸಿಕೊಂಡು, “ಭಯ ಪಡ್ಬೇಡಿ ಮಾಮ, ನಾನ್ ನಮ್ಮಪ್ಪನಂಗ್ ಮೈಮರ್ತೋಗಲ್ಲ” ಎಂದಳು.

ಆ ಹೊತ್ತಿಗೆ ಹೇಳಬೇಕಿತ್ತು. ಹೇಳಲಿಲ್ಲ. ನನಗೆ ನಿವೃತ್ತಿಗೆ ಎರಡು ವರ್ಷವಿತ್ತು, ಅದೇ ಕಾರಣ. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ. ಆ ಎರಡು ವರ್ಷ ಅವಳು ಅಪ್ಪನನ್ನು ಮೈಮರೆತವನು ಎಂದುಕೊಂಡೇ ನನ್ನ ಕೈಕೆಳಗೆ ಜಲ್ಲಿ ಎತ್ತಿದಳು. ನಾನು ನೋಡುತ್ತಾ ಇದ್ದೆ.

ಶಾಲು ಹೊದಿಸಿಕೊಂಡು ಬಂದ ಮಾರನೆಯ ದಿನ ಮೊದಲು ಕಚೇರಿಗೆ ಹೋದೆ. ನನ್ನ ಹೇಳಿಕೆ ಸುಳ್ಳು, ತಿದ್ದಿಸಿಕೊಳ್ಳಿ ಎಂದು ಅರ್ಜಿ ಕೊಟ್ಟೆ. ಅಲ್ಲಿದ್ದವರು ಅರ್ಜಿಯನ್ನು ಎರಡು ಸಲ ಓದಿದರು. ಕಡತ ಮುಗಿದಿದೆ, ಈಗ ತೆರೆಯಲು ಬರುವುದಿಲ್ಲ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದರು. ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು.

ಅಲ್ಲಿಂದ ನೇರ ಹೊಣಕೆರೆ. ಜಯಮ್ಮ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎಂಬ ಹೆದರಿಕೆ. ಅವಳು ಕ್ಯಾನು ತೊಳೆಯುವುದನ್ನು ನಿಲ್ಲಿಸಲಿಲ್ಲ.

“ನಂಗ್ ಗೊತ್ತಿತ್ತು” ಎಂದಳು.

“ಎಂಗೆ ತಾಯಿ?”

“ಅವ್ರು ನಿಮ್ಮಾತ್ ಮೀರೋರಾ? ನೀವು ಗ್ವಾಡೆ ಕಡೆ ಅಂದಿದ್ರೆ ಗ್ವಾಡೆ ಕಡೀಕೇ ಓಗೋರು. ಊರ್ ಕಡೆ ಓದ್ರು ಅಂದ್ಮೇಲೆ ನೀವ್ ಊರ್ ಕಡೆ ಅಂದಿರ್ತೀರಿ. ಮಣ್ ಮಾಡಿದ್ ದಿವ್ಸ್ವೇ ಅನ್ಕಂಡೆ.”

“ಮತ್ಯಾಕ್ ಯಾರ್ಗೂ ಏಳ್ಲಿಲ್ಲ?”

“ನೀವೇ ಏಳ್ಲಿ ಅಂತ ಇದ್ದೆ.” ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿದಳು. “ಏಳೀರಿ, ಏಳೀರಿ ಅಂತ ಕಾದೂ ಕಾದೂ ಸಾಕಾಗಿ ಬುಟ್ಬುಟ್ಟೆ. ಈಗ್ ನಂಗೇಳಿ ಏನಾಗ್ಬೇಕು ಮೇಟ್ರೆ? ಅವ್ಳಿಗೇಳಿ. ಅಪ್ಪನ್ನ ಗ್ಯಾನ ಇಲ್ದೋನು ಅನ್ಕಂಡವ್ಳೆ.”

ಬೈದಿದ್ದರೆ ಚೆನ್ನಾಗಿತ್ತು. ಅವಳು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು, ಕುಡಿದೆ.

ಸವಿತಾ ಈಗ ಅದೇ ಹಳಿಯಲ್ಲಿ ದಿನಾ ನಡೆದು ಕೀಲಿ ನೋಡುವ ಕೆಲಸದಲ್ಲಿದ್ದಾಳೆ. ಒಂದು ಹಳಿಯಿದ್ದಾಗ ನಾವು ನಡೆದದ್ದರ ಎರಡರಷ್ಟು ನಡೆಯುತ್ತಾಳೆ. ತಿರುವಿನ ಹತ್ತಿರ, ಊರ ಕಡೆಯ ಬೇಲಿಯ ಈಚೆ ನಿಂತು ಕಾದೆ. ಅವಳು ಬಂದಳು. ಬೇಲಿಯ ಸಂದಿನಿಂದಲೇ ಎಲ್ಲವನ್ನೂ ಹೇಳಿದೆ. ಕಾಲರು ಹಿಡಿದು ಎಳೆದದ್ದನ್ನೂ ಹೇಳಿದೆ, ಅವನು ನನ್ನ ಕಡೆ ತಿರುಗಿ ನಿಂತದ್ದನ್ನೂ ಹೇಳಿದೆ. ಅವಳು ಸ್ಪಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

“ರಿಪೋರ್ಟ್ ಬದ್ಲಾಯ್ತದಾ ಮಾಮ?”

“ಅರ್ಜಿ ಕೊಟ್ಟೆ ಕಣವ್ವ. ಕಡತ ಮುಗ್ದದೆ ಅಂದ್ರು.”

“ಅಂಗಾದ್ರೆ ಅಪ್ಪ ಅದ್ರಲ್ಲಿ ಅಂಗೇ ಇರ್ತಾರೆ.”

“ಇರ್ತಾನೆ.”

ಅವಳು ಇನ್ನೇನೋ ಕೇಳುವುದರಲ್ಲಿದ್ದಳು, ಅಷ್ಟರಲ್ಲಿ ಮೈಸೂರು ಕಡೆಯಿಂದ ರೈಲಿನ ಸೀಟಿ ಕೇಳಿಸಿತು. ಅವಳು ತಿರುಗಿ ಎರಡೂ ಹಳಿ ದಾಟಿ ಗೋಡೆ ಕಡೆಗೆ ಹೋದಳು. ಎದುರಿಗಿದ್ದ ಗೂಡಿನಲ್ಲಿ ಕೇಬಲ್ ಡಬ್ಬಿ ಇತ್ತು. ಡಬ್ಬಿಯ ಪಕ್ಕದ ಸಂದಿಯಲ್ಲಿ ಓರೆಯಾಗಿ ನಿಂತು, ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡಳು. ನನಗೆ ಇಷ್ಟೆಲ್ಲ ಗೊತ್ತು, ಇಷ್ಟೆಲ್ಲ ಆಗಿದೆ, ಈಗ ತಾನೇ ನನ್ನ ಬಾಯಿಂದಲೇ ಎಲ್ಲವನ್ನೂ ಹೇಳಿ ಮುಗಿಸಿದ್ದೇನೆ. ಆದರೂ ಆ ಸೀಟಿಗೆ ನನ್ನ ಬಾಯಿ ತೆರೆದುಕೊಂಡಿತು. ಕೂಗು ಗಂಟಲವರೆಗೆ ಬಂದಿತ್ತು. ಹೆಗಲ ಮೇಲಿನ ಟವೆಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ.

ರೈಲು ಹೋಯಿತು. ಅವಳು ಗೋಡೆಯಿಂದ ಬಿಡಿಸಿಕೊಂಡು, ನಾನೇ ಕಲಿಸಿದಂತೆ, ನನ್ನ ಕಡೆಗೆ ಮುಖ ಮಾಡಿ ನಿಂತಳು. ಎಣಿಸಿದೆ. ಒಬ್ಬಳು.